ಮುಲಿನನ ಮೂಗು

ಬೆಳಗಿನ ಜಾವ ಐದೂವರೆಗೆ ಮುಲಿನ್ ಸೀನಿದ. ಒಂದಲ್ಲ, ಏಳು ಸಲ. ಏಳನೆಯದಕ್ಕೆ ಅಂಗಳದ ಕೋಳಿಗಳು ಹಾರಿಬಿದ್ದವು. ಎಂಟನೆಯದೂ ಬರಬಹುದೆಂದು ಕಾದ ಹೆಂಡತಿ ಬೀಯೂ, ಅದು ಬಾರದಿದ್ದುದನ್ನು ಕಂಡು ಎದ್ದು ಕೂತಳು.

"ಏನ್ರೀ ಇದು? ಶೀತ ಆಗೋಕೆ ಇವತ್ತೇ ಬೇಕಿತ್ತಾ ನಿಮಗೆ?"

"ಏದೂ ಇಲ್ವೇ, ಧೂಳು ಅಷ್ಟೇ," ಎಂದ ಮುಲಿನ್. 'ಏನೂ' ಎಂಬುದು 'ಏದೂ' ಆದದ್ದು ಕೇಳಿದ್ದೇ ತಡ, ಬೀಯೂ ಹಣೆ ಚಚ್ಚಿಕೊಂಡಳು.

ಮುಲಿನ್ ಬರಿಗಾಲಲ್ಲೇ ಹಿತ್ತಲಿನ ಹದದ ಕೋಣೆಗೆ ಓಡಿದ. ನಿನ್ನೆ ಕೊಯ್ದ ಚಹಾ ಎಲೆ ಬಿದಿರಿನ ತಟ್ಟೆಗಳಲ್ಲಿ ಮೆತ್ತಗೆ ಮಲಗಿತ್ತು. ರಾತ್ರಿ ನಾಲ್ಕು ಸಲ ಅದನ್ನು ಕುಲುಕಿ ಇಟ್ಟಿದ್ದ. ಇನ್ನು ಅದರ ಹಸಿ ವಾಸನೆ ಹೋಗಿ ಹೂವಿನ ಪರಿಮಳ ಎದ್ದ ಗಳಿಗೆಯಲ್ಲಿ, ಎಲೆ ಹುರಿಯುವ ಕಾದ ಪೀಪಾಯಿಗೆ ಸುರಿಯಬೇಕು. ಸ್ವಲ್ಪ ಮುಂಚೆ ಸುರಿದರೆ ಸೊಪ್ಪಿನ ಸಾರು, ಸ್ವಲ್ಪ ತಡವಾದರೆ ಕೊಳೆತ ಹುಲ್ಲು. ಆ ಗಳಿಗೆಯನ್ನು ಹೇಳುವುದು ಗಡಿಯಾರವಲ್ಲ, ಮೂಗು. ಮುಲಿನ್ ತಟ್ಟೆಯಲ್ಲಿ ಮುಖ ಹುದುಗಿಸಿ ಉಸಿರೆಳೆದ. ಗೋಡೆಯನ್ನು ಮೂಸಿದ ಹಾಗಿತ್ತು.

ಪಕ್ಕದ ತಟ್ಟೆಯನ್ನೂ ಮೂಸಿದ, ಅದೂ ಗೋಡೆಯೇ. ಇವತ್ತೇ ಸಂಜೆ ಐದಕ್ಕೆ ಹಾಂಗ್ ಯಜಮಾನರು ಬರುವವರಿದ್ದರು.

ಶಿಕೆಂಗ್ ಹಳ್ಳಿಯಲ್ಲಿ ಈಗ ಎಲ್ಲವೂ ಹಾಂಗ್ ಯಜಮಾನರ ಹತ್ತು ಬೆಟ್ಟದ ಕಂಪನಿಯದೇ. ಗಿಡ ಕಂಪನಿಯದು, ಗಿಡದ ಗೊಬ್ಬರ ಕಂಪನಿಯದು, ಕೊಯ್ಯುವವರ ತಲೆಯ ಟೋಪಿ ಕಂಪನಿಯದು. ಎಲೆ ಹದಮಾಡುವ ಕಾರ್ಖಾನೆ, ತುಂಬುವ ಡಬ್ಬ, ಡಬ್ಬ ಸಾಗಿಸುವ ಲಾರಿ, ಶಿಯಾಮೆನ್ ಪೇಟೆಯಲ್ಲಿ ಅದನ್ನು ಮಾರುವ ಅಂಗಡಿ, ಅಂಗಡಿಯ ಮಗ್ಗುಲಲ್ಲೇ ಅದನ್ನು ಬಸಿದು ಕೊಡುವ ಚಹಾಗೃಹ, ಅಲ್ಲಿನ ಬಟ್ಟಲು, ಯಾವುದೂ ಹೊರಗಿನವರದಲ್ಲ. ಮೊದಲು ಎಲೆಗೂ ಬಟ್ಟಲಿಗೂ ನಡುವೆ ಹನ್ನೊಂದು ಮಂದಿ ದಲ್ಲಾಳಿಗಳು ಬದುಕುತ್ತಿದ್ದರು. ಈಗ ಅವರಲ್ಲಿ ಒಂಬತ್ತು ಮಂದಿ ಕಂಪನಿಯ ಗೇಟು ಕಾಯುತ್ತಾರೆ. 'ಬೇರಿನಿಂದ ಬಟ್ಟಲಿನ ತನಕ ನಮ್ಮದೇ' ಎಂದು ಊರಿನ ಗೋಡೆಗೋಡೆಯ ಮೇಲೂ ಕೆಂಪಕ್ಷರದಲ್ಲಿ ಬರೆದಿದೆ.

ಬರೆಯಲು ಬಿಡದ ಗೋಡೆ ಒಂದೇ ಒಂದು, ಮುಲಿನನ ಅಜ್ಜ ಕಟ್ಟಿಸಿದ ಈ ಹದದ ಕೋಣೆಯದು. ಕೋಣೆಯನ್ನು ಮಾರೆಂದು ಯಜಮಾನರು ಮೂರು ಸಲ ಕೇಳಿ ನೋಡಿದರು. ಮುಲಿನ್ ಮೂರು ಸಲವೂ ಆಗದೆಂದು ತಲೆಯಾಡಿಸಿದ. ಕೊನೆಗೆ ಯಜಮಾನರು ನಕ್ಕು ಒಂದು ಪಂಥ ಕಟ್ಟಿದರು. "ವಸಂತದ ಮೊದಲ ಎಲೆ ನಾನೇ ಕೊಡ್ತೀನಿ. ಅದೇ ಎಲೇಲಿ ನೀನೊಂದು ಹದ ಮಾಡು, ನನ್ನ ಕಾರ್ಖಾನೆ ನಾಲ್ಕು ಮಾಡುತ್ತೆ. ಯಾವುದು ಯಾರದು ಅಂತ ಹೇಳದೆ ಐದು ಬಟ್ಟಲು ಮುಂದಿಡಿ. ನಿನ್ನದನ್ನ ನಾನು ಆರಿಸಿದ್ರೆ ಕೋಣೆ ನಿನ್ನದೇ, ಚಹಾ ನಿನ್ನ ಹೆಸರಲ್ಲೇ ನಮ್ಮ ಅಂಗಡೀಲಿ ಕೂರುತ್ತೆ. ಇಲ್ಲಾಂದ್ರೆ ಬೀಗದ ಕೈ ಕೊಡು."

ಮೂಗಿನ ಮೇಲಿನ ನಂಬಿಕೆಯಲ್ಲಿ ಮುಲಿನ್ ಒಪ್ಪಿಬಿಟ್ಟಿದ್ದ.

"ಒಂದ್ಸಲ ನೀನು ಮೂಸಿ ನೋಡೇ," ಎಂದು ಈಗ ಹೆಂಡತಿಯನ್ನು ಗೋಗರೆದ.

"ಹನ್ನೆರಡು ವರ್ಷದಿಂದ ಸೋಪು ಹಾಕ್ಕೊಂಡ್ ಬರ್ಬೇಡ, ತಲೆಗೆ ಎಣ್ಣೆ ಹಚ್ಕೊಂಡ್ ಬರ್ಬೇಡ ಅಂತ ಬಾಗಿಲಲ್ಲೇ ತಡೆದ್ರಿ. ಈಗ ಮೂಸು ಅಂದ್ರೆ ನನಗೇನ್ರೀ ಗೊತ್ತಾಗುತ್ತೆ?" ಆದರೂ ಬಗ್ಗಿ ಮೂಸಿದಳು. "ಎಲೆ ವಾಸನೆ ಬರ್ತಿದೆ."

ಹೆಂಡತಿಯ ಮಾತು ಉತ್ಪ್ರೇಕ್ಷೆಯಲ್ಲ. ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆಂದು ಮುಲಿನ್ ಆ ಕೋಣೆಯನ್ನು ಗರ್ಭಗುಡಿಯಂತೆ ಕಾಯುತ್ತಿದ್ದ. ಹೋದ ವರ್ಷ ಪಕ್ಕದ ಮನೆಯ ಚಿಂಗ್‌ಶಾನ್ ಒಣಮೀನು ತಿಂದು ಒಳಗೆ ಇಣುಕಿದ್ದಕ್ಕೆ ಹತ್ತು ಜನರೆದುರು ಕತ್ತಿನ ಪಟ್ಟಿ ಹಿಡಿದು ಆಚೆ ತಳ್ಳಿದ್ದ.

ಹಳ್ಳಿಯಲ್ಲಿ ಏಳು ಸೀನನ್ನು ಗುಟ್ಟಾಗಿಡುವುದು ಸಾಧ್ಯವೇ? ಸೂರ್ಯ ಏರುವ ಹೊತ್ತಿಗೆ ಊರಿಗೆಲ್ಲ ಮದ್ದು ಕೊಡುವ ಲ್ಯಾವ್ ಅಜ್ಜಿ ಹೊಗೆಯಾಡುವ ಪಾತ್ರೆ ಹಿಡಿದು ಹೊಸಿಲು ದಾಟಿಯೇ ಬಿಟ್ಟಿದ್ದಳು. ಶುಂಠಿಯನ್ನೂ ಎಳೆ ಈರುಳ್ಳಿಯ ಬುಡವನ್ನೂ ಜಜ್ಜಿ ಹಾಕಿ ಕುದಿಸಿದ ಕಷಾಯ.

"ಅಜ್ಜೀ, ಒಳಗೆ ಬರ್ಬೇಡಿ! ಎಲೆ ಇದೆ!"

"ಎಲೆ ಎಲ್ಲಿಗೆ ಓಡಿಹೋಗುತ್ತೋ? ತಲೆ ಮೇಲೆ ಟವೆಲು ಹಾಕ್ಕೊಂಡು ಹಬೆ ತಗೋ. ನಿಮ್ಮಪ್ಪನ ಮೂಗನ್ನೂ ನಾನೇ ಬಿಡಿಸಿದ್ದು."

"ಹೊರಗೆ ತಗೋತೀನಿ ಬಿಡಿ."

"ಹೊರಗೆ ಗಾಳಿ ಕಣೋ ದಡ್ಡಾ! ಶೀತ ಎದೆಗಿಳಿಯುತ್ತೆ."

ಎಲೆಯನ್ನು ಬಿಟ್ಟು ಹೋಗಲೂ ಮುಲಿನನಿಗೆ ಧೈರ್ಯವಿರಲಿಲ್ಲ. ಎರಡು ತಟ್ಟೆಗಳ ನಡುವೆ ಕೂತು ಟವೆಲು ಹೊದ್ದ. ಅಷ್ಟರಲ್ಲಿ ಚಿಂಗ್‌ಶಾನನ ದನಿ ಕೇಳಿಸಿತು.

"ಅಣ್ಣಾ, ಹೋದ ವರ್ಷದ್ದೆಲ್ಲ ಮನಸ್ಸಲ್ಲಿಟ್ಕೊಂಡಿಲ್ಲ ನಾನು. ಇಗೋ, ಹಸಿರು ಶೀಶೆ ಎಣ್ಣೆ. ಒಂದು ತೊಟ್ಟು ಮೂಗಿಗೆ, ಒಂದು ತೊಟ್ಟು ಹಣೆಗೆ. ಸತ್ತೋನೂ ಎದ್ದು ಕೂರ್ತಾನೆ."

ಪುದೀನ ಕರ್ಪೂರಗಳ ಆ ಎಣ್ಣೆಯನ್ನು ಅವನು ಧಾರಾಳವಾಗಿ ಬಳಿದ. ಮುಲಿನನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಮೂಗು ಮಾತ್ರ ಬಿಡಲಿಲ್ಲ. ಇದಕ್ಕೆ ಜಗ್ಗುವ ಶೀತವಲ್ಲ ಇದು ಎಂದು ತೀರ್ಮಾನಿಸಿದ ಅಜ್ಜಿ ಒಣ ಮಾಚಿಪತ್ರೆಯ ಸುರುಳಿಗೆ ಬೆಂಕಿ ತಾಗಿಸಿ ಅವನ ನೆತ್ತಿಯ ಮೇಲೆ ಸುತ್ತಿಸತೊಡಗಿದಳು. ಕೋಣೆಯ ತುಂಬ ಹೊಗೆ ಕವಿಯಿತು. ಮೂಲೆಯ ತಟ್ಟೆಗಳೇ ಕಾಣಿಸಲಿಲ್ಲ.

"ಆರಿಸಿ ಅಜ್ಜೀ! ನಿಮ್ಮ ಕಾಲಿಗೆ ಬೀಳ್ತೀನಿ, ಆರಿಸಿ!"

"ಇನ್ನೊಂದು ಸುತ್ತು ಕಣೋ, ಆಯ್ತು, ಆಗೇ ಹೋಯ್ತು."

ಆಗ ಬಂತು, ಬೆಳಗಿನಿಂದ ಬಾಕಿಯಿದ್ದ ಎಂಟನೆಯ ಸೀನು. ಮುಲಿನನ ಹಣೆ ಪಾತ್ರೆಗೆ ಬಡಿಯಿತು. ಶುಂಠಿ ಕಷಾಯ ಎಡಗಡೆಯ ತಟ್ಟೆಗೆ ಚೆಲ್ಲಿತು. ಹಿಡಿಯಲು ಹೋದ ಚಿಂಗ್‌ಶಾನನ ಕೈಯಿಂದ ಶೀಶೆ ಜಾರಿ ಬಲಗಡೆಯ ತಟ್ಟೆಯಲ್ಲಿ ಕವುಚಿಬಿತ್ತು. ಬೀಯೂ ಓಡಿಬಂದಳು. ನಾಲ್ಕೂ ಜನ ಸೇರಿ ಎಲೆಯನ್ನು ಎತ್ತಿದರು, ಒದರಿದರು, ಹರವಿದರು. ಒದ್ದೆ ಎಲೆ ಒಣ ಎಲೆಯೊಂದಿಗೆ ಬೆರೆಯಿತು, ಎಣ್ಣೆಗೈ ಎಲ್ಲಕ್ಕೂ ತಾಗಿತು. ಇನ್ನೇನು ಮಾಡಲೂ ಹೊತ್ತಿರಲಿಲ್ಲ.

"ಅಣ್ಣಾ, ಅಂಚು ಕೆಂಪಗಾಗ್ತಿದೆ! ಸುರಿ, ಸುರಿ!" ಎಂದು ಚಿಂಗ್‌ಶಾನ್ ಕೂಗಿದ. ಮುಲಿನ್ ಕಣ್ಣು ಮುಚ್ಚಿ, ಅಜ್ಜನನ್ನು ನೆನೆದು ಪೀಪಾಯಿಗೆ ಸುರಿದ.

ಮಧ್ಯಾಹ್ನವೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಉರುಳಿಸಿದ್ದಾಯಿತು, ಒಣಗಿಸಿದ್ದಾಯಿತು. ನಾಲ್ಕೂವರೆಗೆ ನೋಡಿದರೆ ಗುಂಡು ಗುಂಡಾದ ಕಡುಹಸಿರು ಎಲೆ ಕಣ್ಣಿಗೆ ಚೆನ್ನಾಗಿಯೇ ಇತ್ತು.

"ವಾಸನೆ ಹೇಗಿದೆ? ನಿಜ ಹೇಳಿ," ಎಂದ ಮುಲಿನ್.

ಬೀಯೂ ಮೂಸಿ ಕಿಟಕಿಯ ಕಡೆ ನೋಡಿದಳು. ಚಿಂಗ್‌ಶಾನ್ ಮೂಸಿ ಬೂಟಿನ ಲಾಡಿ ಕಟ್ಟಲು ಬಗ್ಗಿದ. ಲ್ಯಾವ್ ಅಜ್ಜಿ ಬಹಳ ಹೊತ್ತು ಮೂಸಿ, "ಚೆನ್ನಾಗಿದೆ ಮಗಾ," ಎಂದಳು. "ಹಲ್ಲುನೋವಿಗಂತೂ ಖಂಡಿತ ಆಗುತ್ತೆ."

ಮುಲಿನ್ ಬೀಗದ ಕೈಯನ್ನು ಹೊರತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಕೊಡಲು ಸಿದ್ಧವಾಗಿ ಜೇಬಿನ ಮೇಲ್ಗಡೆ ಇಟ್ಟುಕೊಂಡ. ಅವನಿಗೆ ಅಳು ಬರುವಂತಾಗಿತ್ತು. ಅಜ್ಜ ಹೆಗಲ ಮೇಲೆ ಹೊತ್ತು ತಂದ ಕಲ್ಲಿನ ಗೋಡೆ ಅದು.

ಐದಕ್ಕೆ ಸರಿಯಾಗಿ ಹಾಂಗ್ ಯಜಮಾನರು ಅಂಗಳದಲ್ಲಿ ಕೂತರು. ಪಕ್ಕದಲ್ಲಿ ಕಾಗದ ಪತ್ರದ ಚೀಲ ಹಿಡಿದ ಕಂಪನಿಯ ಹುಡುಗಿ ಸು ಫಾಂಗ್. ಐದು ಮುಚ್ಚಳದ ಬಟ್ಟಲುಗಳಿಗೆ ಬಿಸಿನೀರು ಬಿತ್ತು. ಯಜಮಾನರು ಮೊದಲನೆಯದನ್ನು ಸೊರ್ರನೆ ಹೀರಿದರು, ಮುಖದಲ್ಲಿ ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದನ್ನು ಹೀರಿದವರು ಬಟ್ಟಲನ್ನು ಕೆಳಗಿಡಲೇ ಇಲ್ಲ. ಕಣ್ಣರಳಿತು. ಇನ್ನೊಮ್ಮೆ ಹೀರಿದರು. ಮತ್ತೆ ಹೀರಿದರು. ಮೂಗಿನಿಂದ ಸುಂಯ್ ಎಂದು ಉಸಿರು ಹರಿಯಿತು.

"ಬಿಟ್ಟಿತು!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು. "ಹತ್ತು ವರ್ಷದಿಂದ ಕಟ್ಟಿದ್ದ ಮೂಗು ಬಿಟ್ಟಿತು! ಡಾಕ್ಟರುಗಳ ಕೈಲಿ ಆಗ್ಲಿಲ್ಲ, ಈ ಬಟ್ಟಲು ಬಿಡಿಸ್ತು! ಯಾರದಿದು?"

ಹತ್ತು ವರ್ಷ! ಬೇರಿನಿಂದ ಬಟ್ಟಲಿನ ತನಕ ಎಲ್ಲವನ್ನೂ ಕೊಂಡ ಮನುಷ್ಯ ತನ್ನ ಒಂದು ಚಹಾದ ಪರಿಮಳವನ್ನೂ ಕಂಡವನಲ್ಲ! ಅಂಗಳದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಸು ಫಾಂಗ್ ಬಟ್ಟಲು ಎತ್ತಿ ಅಡಿಯ ಚೀಟಿ ಓದಿದಳು. "ಮುಲಿನ್ ಅವರದು."

"ಕೋಣೆ ನಿನ್ನದೇ ಕಣಯ್ಯಾ! ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಹೇಳು, ಏನೇನು ಹಾಕಿದೀಯ?"

ಮುಲಿನ್ ಬಾಯಿ ತೆರೆಯುವ ಮುಂಚೆಯೇ ಬೀಯೂ, ಅಜ್ಜಿ, ಚಿಂಗ್‌ಶಾನ್ ಮೂವರೂ ಒಟ್ಟಿಗೆ ಶುರುಮಾಡಿದರು. ಶುಂಠಿ, ಎಣ್ಣೆ, ಮಾಚಿಪತ್ರೆ, ಸೀನು, ಒಂದೂ ಬಿಡಲಿಲ್ಲ. ಸು ಫಾಂಗ್ ಚೀಲದಿಂದ ಕರಾರು ಪತ್ರ ತೆಗೆದು ಎಲ್ಲವನ್ನೂ ಅದರಲ್ಲಿ ಬರೆದುಕೊಂಡಳು. ಗೆದ್ದ ಸಂತೋಷದಲ್ಲಿ ನೆಲದ ಮೇಲೆ ಕಾಲೇ ನಿಲ್ಲದ ಮುಲಿನ್, ಅವಳು ಚಾಚಿದ ಕಾಗದಕ್ಕೆ ಓದದೆಯೇ ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದ.

ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬೆನ್ನು ತಟ್ಟಿದ ಮೇಲೆ, ಗೆದ್ದ ಚಹಾವನ್ನು ತಾನೂ ಒಂದು ಗುಟುಕು ಕುಡಿದ.

ಮೂಗು ಫಟ್ಟನೆ ಬಿಟ್ಟಿತು. ದಿನವಿಡೀ ಕಾದಿದ್ದ ವಾಸನೆಯೆಲ್ಲ ಒಟ್ಟಿಗೆ ನುಗ್ಗಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಯಾರೋ ಈರುಳ್ಳಿ ಸುಡುತ್ತಿದ್ದ ಹಾಗಿತ್ತು. ಮುಲಿನ್ ನಾಚಿಕೆಯಿಂದ ಬಟ್ಟಲು ಕೆಳಗಿಟ್ಟು ಕೈ ಮುಗಿದ.

"ಯಜಮಾನ್ರೇ, ತಪ್ಪಾಯ್ತು! ಇದು ಚಹಾ ಅಲ್ಲ, ಇನ್ನೊಂದ್ಸಲ ಇಂಥದ್ದನ್ನ ನಾನು ಮಾಡಲ್ಲ. ಮೂಗು ಬಿಟ್ಟಿದೆ, ನಾಳೆ ನಿಜವಾದ ಹದ ಮಾಡಿ ತೋರಿಸ್ತೀನಿ!"

"ಮೂಗು ಬಿಟ್ಟಿದೆಯಾ?" ಯಜಮಾನರ ಮುಖ ಸಣ್ಣದಾಯಿತು. "ಹಾಗಂದ್ರೆ ಹೇಗಯ್ಯಾ? ಸು ಫಾಂಗ್, ಓದು."

"ಏಳನೇ ಕಲಮು," ಎಂದು ಸು ಫಾಂಗ್ ಓದಿದಳು. "ಹದ ಮಾಡುವ ದಿನ ಮಾಡುವವನಿಗೆ ನೆಗಡಿ ಇರತಕ್ಕದ್ದು. ಕಂಪನಿ ಹೊರಗಿನಿಂದ ಏನನ್ನೂ ಕೊಳ್ಳುವುದಿಲ್ಲವಾದ್ದರಿಂದ ಲ್ಯಾವ್ ಅಜ್ಜಿಯ ಶುಂಠಿ ಪಾತಿಯೂ ಮಾಚಿಪತ್ರೆಯ ಬೇಲಿಯೂ ಇಂದಿನಿಂದ ಕಂಪನಿಯವು. ನೆಗಡಿಯೂ ಅಷ್ಟೇ. ಅದರ ಪೂರೈಕೆಗೆ ಮೇಲ್ವಿಚಾರಕರನ್ನು ನೇಮಿಸಲಾಗಿದೆ. ಅವರು ಯಾವ ಹೊತ್ತಿಗೆ ಬೇಕಾದರೂ ಹದದ ಕೋಣೆಯೊಳಗೆ ಬರಬಹುದು."

"ಕೋಣೆ ನಂದು ಅಂದ್ರಲ್ಲ!"

"ಕೋಣೆ ನಿನ್ನದೇ," ಎಂದರು ಯಜಮಾನರು ಹಿತವಾಗಿ, ಮೂಗಿನ ಎರಡೂ ಹೊಳ್ಳೆಗಳಿಂದ ಉಸಿರಾಡುತ್ತ. "ಅದರೊಳಗೆ ಕೂರೋ ನೆಗಡಿ ನಮ್ಮದು."

"ಯಾರು ಆ ಮೇಲ್ವಿಚಾರಕ?"

ಉತ್ತರ ಬೆನ್ನ ಹಿಂದಿನಿಂದ ಬಂತು. ಹೊಚ್ಚ ಹೊಸ ಕಂಪನಿ ಟೋಪಿ ಇಟ್ಟುಕೊಂಡ ಚಿಂಗ್‌ಶಾನ್, ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ನಿಂತಿದ್ದ. ಮೈಯಿಂದ ಒಣಮೀನಿನ ವಾಸನೆ ಘಮ್ಮೆನ್ನುತ್ತಿತ್ತು. ಮುಲಿನನಿಗೆ ಈಗ ಅದು ಚೆನ್ನಾಗಿಯೇ ತಿಳಿಯುತ್ತಿತ್ತು.

"ಕೋಪ ಮಾಡ್ಕೋಬೇಡ ಅಣ್ಣಾ, ಕೆಲಸ ಅಂದ್ಮೇಲೆ ಮಾಡ್ಲೇಬೇಕಲ್ಲ," ಎಂದ ಅವನು ಬಕೆಟ್ಟನ್ನು ಮೇಲೆತ್ತುತ್ತ. "ಬೆಟ್ಟದ ತೊರೆ ನೀರು, ಮಂಜಿನಷ್ಟು ತಣ್ಣಗಿದೆ. ಆ ತೊರೇನೂ ಈಗಷ್ಟೇ ಕಂಪನಿ ತಗೊಂಡಾಯ್ತು."