ಮುಂಬಾಗಿಲು ಕೂಡಲೇ ಮುಚ್ಚಿಕೊಳ್ಳುವಂತೆ ಕೋರಿ

ಇಂದ:
ಮಾರಿಟ್ ಸೋಲ್‌ಹೈಮ್,
ಮೇಲ್ವಿಚಾರಕಿ, ಸಂಶೋಧನಾ ವಿದ್ಯಾರ್ಥಿಗಳ ವಸತಿಗೃಹ,
ಎಲ್ಕ್‌ಫೋರ್ಡ್ ವಿಶ್ವವಿದ್ಯಾಲಯ, ಮಿನ್ನೆಸೋಟ.

ಗೆ:
ಮುಂಬಾಗಿಲು ಅವರು,
ಅದೇ ವಸತಿಗೃಹ.

ವಿಷಯ: ಯಾರಿಗಾಗಿಯೂ ತೆರೆದು ನಿಲ್ಲದಿರುವ ಬಗ್ಗೆ.

ಉಲ್ಲೇಖ: ಡೀನ್ ಕಚೇರಿಯ ಸುತ್ತೋಲೆ. (ವಲಸೆ ಅಧಿಕಾರಿಗಳು ಬಂದಲ್ಲಿ ನ್ಯಾಯಾಧೀಶರ ಸಹಿಯಿರುವ ವಾರಂಟ್ ಕೇಳುವುದು, ಇಲ್ಲದಿದ್ದಲ್ಲಿ ಬೀಗದ ಬಾಗಿಲಿನೊಳಗೆ ಕರೆಯದಿರುವುದು.)

ಮಾನ್ಯರೇ,

ನಿನ್ನೆ ತಡರಾತ್ರಿ ತಮ್ಮ ಕಡೆಯಿಂದ ‘ಟಕ್’ ಎಂಬ ಸಣ್ಣ ಶಬ್ದ ಬಂತು. ಬರಿಗಾಲಿನಲ್ಲೇ ಓಡಿ ಬಂದೆ. ಚಳಿಗೆ ತಮ್ಮ ಬೀಗ ಬಿಗಿದುಕೊಂಡ ಸದ್ದಷ್ಟೇ. ಕಳೆದ ತಿಂಗಳಿನಿಂದ ನನ್ನದು ಇದೇ ಪಾಡಾಗಿರುವ ಕಾರಣ ಈ ಅರ್ಜಿ.

೧. ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲುವುದು ನಮ್ಮೂರಿನ ಮರ್ಯಾದೆ. ಅವರು ಕಾರು ನಿಲ್ಲಿಸುವ ಜಾಗದ ಆ ತುದಿಯಲ್ಲಿದ್ದರೂ ಹಿಡಿದಿರುತ್ತೇವೆ. ಕಾಯಿಸಬಾರದೆಂದು ಅವರು ಹಿಮದಲ್ಲಿ ಓಡಿ ಬರುತ್ತಾರೆ. ಇಬ್ಬರೂ ಕ್ಷಮೆ ಕೇಳುತ್ತೇವೆ. ಇದು ತಮಗೆ ತಿಳಿದದ್ದೇ.

೨. ಕಳೆದ ತಿಂಗಳ ಒಂದು ಗುರುವಾರ ಸಂಜೆ ನಿವೃತ್ತ ಪ್ರೊಫೆಸರ್ ರುಸ್ತಾದ್ ಅವರು ವಿದ್ಯಾರ್ಥಿಗಳ ಜೊತೆ ಊಟಕ್ಕೆಂದು ಆಲೂಗಡ್ಡೆಯ ಬಿಸಿ ಪಾತ್ರೆ ಹಿಡಿದು ಬಂದರು. ಹಿಂದೆ ದಪ್ಪ ಕೋಟಿನ ಇಬ್ಬರು. “ಈ ಚಳೀಲಿ ಹೊರಗೆ ನಿಂತ್ಕೋಬೇಡಿ, ಬನ್ನಿ ಬನ್ನಿ” ಎಂದು ಪ್ರೊಫೆಸರ್ ಬೆನ್ನಿನಿಂದ ಒತ್ತಿ ತಮ್ಮನ್ನು ತೆರೆದು ಹಿಡಿದರು. ನಾನು ಮೇಜು ಬಿಟ್ಟು ಏಳುವಷ್ಟರಲ್ಲಿ ಪ್ರೊಫೆಸರ್ ನೆಲಮಾಳಿಗೆಯ ಊಟದ ಕೋಣೆಗೆ ಇಳಿದಾಗಿತ್ತು. ಕಂಡಕಂಡವರಿಗೆಲ್ಲ ಬಾಗಿಲು ಹಿಡಿಯುವವರಿಗೆ ಯಾರ ಮುಖವೂ ನೆನಪಿರುವುದಿಲ್ಲ. ತಮ್ಮ ನೆತ್ತಿಯ ಕ್ಯಾಮೆರಾಕ್ಕೆ ಹಿಮ ಕವಿದಿತ್ತು.

೩. ಆ ಇಬ್ಬರು, ವಲಸೆ ಅಧಿಕಾರಿಗಳು, ನೇರ ಅಡುಗೆಮನೆಗೆ ಹೋದರು. ಅಲ್ಲಿ ಲೈಬೀರಿಯಾದ ಸೇಕು ಫ್ಲೋಮೋ, ಮಣ್ಣಿನ ಬಗ್ಗೆ ಸಂಶೋಧನೆ ಮಾಡುವವನು, ಮರಗೆಣಸಿನ ಸೊಪ್ಪು ಬೇಯಿಸುತ್ತಿದ್ದ. ಸುತ್ತೋಲೆಯ ಪ್ರಕಾರ ವಾರಂಟ್ ಕೇಳಿದೆ. “ನಮ್ಮನ್ನ ಒಳಗೆ ಕರೆದ್ರಲ್ಲ, ಮೇಡಂ” ಎಂದರು. ಒರಟಾಗಿ ಹೇಳಲಿಲ್ಲ. ಬೂಟಿನ ಹಿಮವನ್ನೂ ಕಾಲೊರಸಿಗೆ ಒರಸಿಕೊಂಡೇ ಬಂದಿದ್ದರು. ಫ್ಲೋಮೋ, “ಆಂಟಿ, ಒಲೆ ಸಣ್ಣ ಮಾಡಿ, ತಳ ಹಿಡಿಯುತ್ತೆ” ಎಂದು ಅವರ ಜೊತೆ ಹೋದ.

೪. ಆಮೇಲೆ ವಿಶ್ವವಿದ್ಯಾಲಯ ಎದ್ದು ನಿಂತಿತು. ವಕೀಲರು ಬಂದರು, ವಿದ್ಯಾರ್ಥಿಗಳು ಸರದಿ ಹಾಕಿಕೊಂಡು ತಮ್ಮೆದುರು ಕಾವಲು ನಿಂತರು. ಅಧಿಕಾರಿಗಳು ಕಂಡರೆ ಊದಲು ಕೊರಳಿಗೆ ಸೀಟಿ ಕಟ್ಟಿಕೊಂಡು ಎಲ್ಲರಿಗಿಂತ ಮುಂಚೆ ಬರುವವರು ಪ್ರೊಫೆಸರ್. ವಾರಕ್ಕೊಮ್ಮೆ ಬಂಧನ ಕೇಂದ್ರಕ್ಕೆ ಹೋಗಿ ಫ್ಲೋಮೋನನ್ನು ಕಾಣುವವರೂ ಅವರೊಬ್ಬರೇ. ಅವನ ಗೆಳೆಯರಿಗೆ ಅಲ್ಲಿಗೆ ಹೋದರೆ ತಾವೂ ಸಿಕ್ಕಿಬೀಳುತ್ತೇವೆಂಬ ಭಯ. ಮೊನ್ನೆ ನನ್ನ ಮೇಜಿಗೆ ಒರಗಿ, “ಮಾರಿಟ್, ಅವರನ್ನ ಒಳಗೆ ಬಿಟ್ಟ ಪೆದ್ದ ಯಾರಂತೆ? ಸಿಕ್ಲಿ, ಮುಖಕ್ಕೇ ಕೇಳ್ತೀನಿ” ಎಂದರು. ಬಾಗಿಲಿನ ಸ್ಪ್ರಿಂಗ್ ಸಡಿಲವಿತ್ತು, ಪೂರ್ತಿ ಮುಚ್ಚಿಕೊಂಡಿರಲಿಲ್ಲ ಎಂದೆ.

೫. ಅದೇ ಸಂಜೆ ಫ್ಲೋಮೋ ಫೋನ್ ಮಾಡಿದ. “ಅಡುಗೆಮನೆ ಗಾಜಿನಿಂದ ನಾನೂ ನೋಡ್ದೆ, ಆಂಟಿ, ಬಾಗಿಲು ಹಿಡಿದೋರು ಪ್ರೊಫೆಸರೇ. ಗೊತ್ತಾದ್ರೆ ಅವರಿಗೆ ಇಲ್ಲಿಗೆ ಬರೋ ಮುಖ ಇರಲ್ಲ. ನನಗೆ ಅವರು ಬರ್ಬೇಕು.”

ಆದ್ದರಿಂದ ಇನ್ನು ಮುಂದೆ ತಾವು ಯಾರ ಮರ್ಯಾದೆಗೂ ಕಾಯದೆ, ಒಬ್ಬರು ದಾಟಿದ ಕೂಡಲೇ ಮುಚ್ಚಿಕೊಳ್ಳಬೇಕಾಗಿ ಪ್ರಾರ್ಥನೆ. ಮೂಗಿಗೆ ಪೆಟ್ಟಾದವರ ಬಳಿ ಕ್ಷಮೆ ಕೇಳುವ ಕೆಲಸ ನನಗಿರಲಿ.

ತಮ್ಮ ಒಳಬದಿಯ ವಿಶ್ವಾಸಿ,
ಮಾರಿಟ್ ಸೋಲ್‌ಹೈಮ್

ಅಡಕ: ಸುತ್ತೋಲೆಯ ಪ್ರತಿ; ಗ್ರೀಸ್ ಡಬ್ಬಿ.

ವಿ.ಸೂ.: ಪ್ರೊಫೆಸರ್ ಒಬ್ಬರೇ ಬಂದಾಗ ಮಾತ್ರ, ನನ್ನ ಸುಳ್ಳು ನಿಲ್ಲುವಂತೆ, ಸ್ಪ್ರಿಂಗ್ ಸಡಿಲವಿರುವವರ ಹಾಗೆ ತುಸು ನಿಧಾನವಾಗಿ ಮುಚ್ಚಿಕೊಳ್ಳುವುದು. ಅಂದು ತಮ್ಮನ್ನು ಹಿಡಿದವರು ಯಾರೆಂದು ನಾನಂತೂ ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದ್ದೇನೆ.