ಡಿಸ್ಟಾರ್ಷನ್ ಪೆಡಲನ್ನು ರಿಪೇರಿ ಮಾಡಿದ ತಪ್ಪಿಗೆ

ಕಿತ್ತಳೆ ಬಣ್ಣದ ಡಿಸ್ಟಾರ್ಷನ್ ಪೆಡಲ್ ಅವರಿಗೆ,
ಮೊಕ್ಕಾಂ: ನನ್ನ ರಿಪೇರಿ ಮೇಜು

ಮಾನ್ಯರೇ,

ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕುಳಿತು, ದಿನವೂ ಕಾಲಿನಿಂದ ತುಳಿಸಿಕೊಂಡರೂ ಗತ್ತು ಬಿಡದ ತಮಗೆ, ಮೂವತ್ತೊಂದು ವರ್ಷಗಳಿಂದ ಸ್ಪೀಕರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದಿರುವ ನನ್ನ ಸವಿನಯ ವಂದನೆಗಳು.

ನನ್ನ ಅಂಗಡಿಗೆ ಬರುವವರೆಲ್ಲ ಹೇಳುವುದು ಒಂದೇ ಮಾತು: 'ಕರಕರ ಅಂತಿದೆ, ಸ್ವಲ್ಪ ನೋಡಿ.' ಆ ಕರಕರವನ್ನು ಹುಡುಕಿ ಹಿಡಿದು ಹೊರಗಟ್ಟುವುದೇ ನನ್ನ ಕಸುಬು. ಹೀಗಿರುವಾಗ ಸೋಮವಾರ ಮಗಳು ತಮ್ಮನ್ನು ಮನೆಗೆ ತಂದು, ಒಮ್ಮೆ ತುಳಿದು ತಂತಿ ಮೀಟಿದಾಗ ತಾವು ಹೊರಡಿಸಿದ ಸದ್ದು ಕೇಳಿ, ಪಾಪ, ಯಾರೋ ಇವಳಿಗೆ ಕೆಟ್ಟ ಪೆಟ್ಟಿಗೆ ಕೊಟ್ಟು ಟೋಪಿ ಹಾಕಿದ್ದಾರೆ ಎಂದು ನನ್ನ ಕರುಳು ಚುರುಕ್ಕೆಂದಿತು. ಅವಳು ಕಾಲೇಜಿಗೆ ಹೋದ ಮೇಲೆ ತಮ್ಮ ಹೊಟ್ಟೆ ಬಿಚ್ಚಿ, ಸದ್ದಿನ ತಲೆಯನ್ನು ಕಚಕಚನೆ ಕತ್ತರಿಸುತ್ತಿದ್ದ ಎರಡು ಡಯೋಡುಗಳನ್ನು ಕಿತ್ತೆಸೆದು, ತಾವು ವಾರ್ತೆ ಓದುವವರಷ್ಟು ಸ್ಪಷ್ಟವಾಗಿ ಮಾತನಾಡುವಂತೆ ಮಾಡಿದೆ. ಅಷ್ಟು ಚೊಕ್ಕ ಕೆಲಸವನ್ನು ಈಚೆಗೆ ಮಾಡಿರಲಿಲ್ಲ.

ಸಂಜೆ ಮಗಳು ತುಳಿದಳು, ಮೀಟಿದಳು, ನನ್ನ ಮುಖ ನೋಡಿದಳು. ಭಾನುವಾರ ಅವಳ ತಂಡದ ಮೊದಲ ಕಾರ್ಯಕ್ರಮ. ಮೂರು ದಿನ ಮಾತು ಬಿಟ್ಟಳು. ಶುಕ್ರವಾರ, ಮಾತು ಬಿಟ್ಟದ್ದೇ ವಾಸಿಯಿತ್ತು ಎನ್ನಿಸುವಂತೆ ಪಾಠ ಮಾಡಿದಳು. ತಮ್ಮ ದಾಯಾದಿ ಪೆಡಲ್ ಓವರ್‌ಡ್ರೈವ್ ಎಂಬವರು ನಯಸ್ಥರಂತೆ. ಮೆಲ್ಲಗೆ ಮೀಟಿದರೆ ತಿಳಿಯಾಗಿದ್ದು, ಜೋರಾಗಿ ಮೀಟಿದಾಗಷ್ಟೇ ದನಿ ಒಡೆಯುತ್ತಾರಂತೆ. ತಾವೋ, ಹೇಗೆ ಮುಟ್ಟಿದರೂ ದನಿ ಒಡೆದು ಅಬ್ಬರಿಸುವವರು, ಆ ಕೆಲಸಕ್ಕೆಂದೇ ನೇಮಕವಾದವರು. 'ಅದರ ಗಂಟಲೇ ಹಾಗೆ ಅಪ್ಪ, ನೀನು ಔಷಧಿ ಕೊಟ್ಬಿಟ್ಟೆ' ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಕಸದ ಡಬ್ಬಿ ಕೆದಕಿ ಡಯೋಡುಗಳನ್ನು ಹುಡುಕಿ, ಸ್ವಸ್ಥಾನದಲ್ಲಿ ಬೆಸುಗೆ ಹಾಕಿರುವ ನಾನು ಈಗ ಬೇಡಿಕೊಳ್ಳುವುದೇನೆಂದರೆ, ನಾಳೆ ವೇದಿಕೆಯ ಮೇಲೆ ತಾವು ದಯಮಾಡಿ ಮೊದಲಿನಷ್ಟೇ ಕೆಡಬೇಕು, ಒಂದು ಗುಂಜಿಯೂ ಕಡಿಮೆ ಕೂಡದು. ಆದರೆ ಮನೆಯಲ್ಲಿ ಅಭ್ಯಾಸ ನಡೆಯುವಾಗ ಪಕ್ಕದ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವರು ಎದ್ದು ಓಡದಂತೆ ತಾವೇ ಜವಾಬ್ದಾರಿ ವಹಿಸಬೇಕು. ಮತ್ತು ಕೆಟ್ಟೂ ಮರ್ಯಾದೆಯಿಂದ ಬಾಳಬಹುದೆಂಬ ಸುದ್ದಿ ನನ್ನ ಅಂಗಡಿಯ ಉಳಿದ ಸ್ಪೀಕರುಗಳ ಕಿವಿಗೆ ಬೀಳದಂತೆ ಗುಟ್ಟು ಕಾಪಾಡಬೇಕು.

ಇಷ್ಟು ಬರೆಯುವ ಹೊತ್ತಿಗೆ ಮಗಳೇ ಬಂದು ತಮ್ಮನ್ನು ನೆಲಕ್ಕಿಳಿಸಿ, ತುಳಿದು ತಂತಿ ಮೀಟಿದಳು. ಕಪಾಟಿನ ಸ್ಕ್ರೂ ಡಬ್ಬಗಳೆಲ್ಲ ಗಲಗಲ ಅಲುಗಿದವು. ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, 'ಈಗ ಸರಿಯಾಗಿ ಕೆಟ್ಟಿದೆ ಅಪ್ಪ' ಎಂದು ನನ್ನ ಬೆನ್ನು ತಟ್ಟಿದಳು. ಇಷ್ಟು ವರ್ಷಗಳಲ್ಲಿ ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಕ್ಕಿಲ್ಲವೆಂದು ತಿಳಿಸಲು ಸಂತೋಷವಾಗುತ್ತದೆ.

ಇಂತಿ, ಇನ್ನು ಕೈ ಕಟ್ಟಿಕೊಂಡು ಕೇಳಲು ಒಪ್ಪಿರುವ
ತಮ್ಮ ವಿಶ್ವಾಸಿ,
ಗಿಟಾರಿನವಳ ತಂದೆ

ವಿ.ಸೂ.: ತಮ್ಮ ತಳದ ಚೀಟಿಯಲ್ಲಿ 'ಅನುಭವವಿಲ್ಲದವರು ತೆರೆಯಬಾರದು' ಎಂದು ಅಚ್ಚಾಗಿದೆ. ನನಗೆ ಮೂವತ್ತೊಂದು ವರ್ಷಗಳ ಅನುಭವವಿದೆ, ಅನಾಹುತವಾದದ್ದು ಅದರಿಂದಲೇ. ದಯವಿಟ್ಟು ತಿದ್ದಿಸಿಕೊಳ್ಳಿ.