ಹೆಣ್ಣು ನೋಡಲು ಎತ್ತಿದ ಜೀಪು

೧. ಅಳತೆಗೋಲು

ಕಬ್ಬೂರಿನ ಕಬ್ಬಿನ ಸಾಹುಕಾರನ ಮಗ ಚಿಕ್ಕೋಡಿಗೆ ಬಂದು ನನ್ನ ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಿದ.

“ಕಾಕಾ, ಜೀಪ ನಾಲ್ಕ ಇಂಚ ಎತ್ತೇನ್ರಿ. ನಾನ ಮಾಡೇನಿ. ಐತವಾರ ಅಥಣಿಗೆ ಹೆಣ್ಣ ನೋಡಾಕ ಇದ್ರಾಗ ಹೋಗಾವ.”

“ಮತ್ತ ಇಲ್ಲಿಗ್ಯಾಕ ಬಂದಿ?”

“ಸೀದಾ ಹೋಗವಲ್ದ್ರಿ. ಎಡಕ್ಕ ಎಳಿತೈತಿ.”

ಉದ್ದನೆಯ ಸ್ಪ್ರಿಂಗ್ ಹಾಕಿ ಜೀಪು ಎತ್ತಿದರೆ ಮುಂದಿನ ಎಕ್ಸೆಲ್ ಹಿಂದಕ್ಕೆ ಸರಿಯುತ್ತದೆ. ಅದನ್ನು ಜಾಗಕ್ಕೆ ತರಲು ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಕಂಟ್ರೋಲ್ ಆರ್ಮ್, ಅಂದರೆ ತಿರುವಿ ಉದ್ದ-ಗಿಡ್ಡ ಮಾಡುವ ಕಬ್ಬಿಣದ ತೋಳು, ಹಾಕಬೇಕು. ಎರಡೂ ಸಮ ಇರಬೇಕು. ಇಷ್ಟೇ. ಇವನ ಎಡಗಡೆಯದು ಒಂದಿಂಚು ಗಿಡ್ಡ.

“ಅಳದಿಯೋ ಇಲ್ಲೋ?”

“ಅಳದೇನ್ರಿ. ಟೇಪ್ ಸಿಗಲಿಲ್ಲ. ಬಲಗಡೆ ಆರ್ಮಿನಷ್ಟ ಒಂದ ಕಬ್ಬಿನ ತುಂಡ ಕಡದ ಇಟ್ಟೆ. ಚಾ ಕುಡದ ಬಂದು, ಅದರ ಅಳತಿಗೆ ಎಡಗಡೇದ ತಿರುವಿ ಹಚ್ಚೇನಿ.”

“ಚಾ ಕುಡ್ಯೂ ಮುಂದ ಕಬ್ಬ ಎಲ್ಲಿತ್ತು?”

“ಕಟ್ಟಿ ಮ್ಯಾಲ.”

“ಕಟ್ಟಿ ಮ್ಯಾಲ ಯಾರಿದ್ರು?”

ತಲೆ ಕೆರೆದುಕೊಂಡ. “ಅಜ್ಜ ಇದ್ದ. ತುದಿಗೆ ಒಂದೀಟ ತಿಂದಿರಬೇಕ್ರಿ.”

ಅಜ್ಜನ ಹಲ್ಲು ಗಟ್ಟಿ ಇವೆ. ಮೊಮ್ಮಗನ ತಲೆ ಬೇರೆ ಮಾತು. ಟೇಪು ಕೊಟ್ಟು ಕಳಿಸಿದೆ.

೨. ಮುಹೂರ್ತ

ಗುರುವಾರ ಮತ್ತೆ ಬಂದ. ಮಂಗಸೂಳಿ ಮಲ್ಲಯ್ಯನ ದರ್ಶನ ಮಾಡಿಕೊಂಡು ಬಂದಿದ್ದ. ಜೀಪಿನ ಮೇಲೆ ಭಂಡಾರದ ಅರಿಶಿನ, ಕೆಳಗೆ ಕಿರ್ ಕಿರ್ ಸದ್ದು.

ಕೆಳಗೆ ತೂರಿ ನೋಡಿದೆ. ಎರಡೂ ಆರ್ಮಿನ ತುದಿಗಳಲ್ಲಿರುವ ರಬ್ಬರ್ ಬುಷ್ ನಾಲ್ಕೂ ತಿರುಚಿ ಹರಿದಿದ್ದವು. ಜೀಪು ಜಾಕಿನ ಮೇಲಿರುವಾಗ, ಚಕ್ರ ಜೋತಾಡುವಾಗ, ಬೋಲ್ಟ್ ಬಿಗಿ ಮಾಡಿದರೆ ಹೀಗಾಗುತ್ತದೆ. ಮೊದಲು ನೆಲಕ್ಕೆ ಇಳಿಸಬೇಕು, ತೂಕ ಬೀಳಬೇಕು, ಆಮೇಲೆ ಬಿಗಿ ಮಾಡಬೇಕು. ಇದನ್ನು ಅವನಿಗೆ ಟೇಪಿನ ಜೊತೆಗೇ ಹೇಳಿ ಕಳಿಸಿದ್ದೆ.

“ಹೇಳಿದ್ನಲ್ಲ ಲೇ?”

“ಹೇಳಿದ್ರಿ. ಆದ್ರ ಜೀಪಿನ ಪೂಜಾ ಮುಹೂರ್ತ ಮುಗ್ಯಾಕತ್ತಿತ್ರಿ. ಅಯ್ಯಾರು ಗಡಬಡ ಮಾಡಿದ್ರು. ಬಿಗಿ ಮಾಡಿ, ಗಾಲಿ ಬುಡಕ ನಿಂಬಿಹಣ್ಣ ಇಟ್ಟು, ಸೀದಾ ಅದರ ಮ್ಯಾಲ ಇಳಿಸಿದ್ವಿ.”

ಮುಹೂರ್ತ ಉಳಿಯಿತು. ನಾಲ್ಕು ನಿಂಬೆಹಣ್ಣು, ನಾಲ್ಕು ಬುಷ್ ಹೋದವು.

ಹೊಸ ಬುಷ್ ಹಾಕಿ ನಾನೇ ಬಿಗಿ ಮಾಡಿದೆ. ಅವನು ಕೈ ಹಿಡಿದುಕೊಂಡ.

“ಕಾಕಾ, ನೀವೂ ಬರ್ರಿ ಅಥಣಿಗೆ. ದಾರ್ಯಾಗ ಏನರ ಆದ್ರ ನನ್ನ ಲಗ್ನನ ಮುರೀತೈತಿ. ಹಿಂದ ಎರಡ ಕಡೆ ಒಲ್ಲೆ ಅಂದಾರ.”

ಐತವಾರ ಸ್ಪ್ಯಾನರ್ ಚೀಲ ಹಿಡಿದು ಗ್ಯಾರೇಜಿನ ಮುಂದೆಯೇ ಜೀಪು ಹತ್ತಿದೆ; ಅವನ ತಾಯಿ ಆಗಲೇ ಒಳಗೆ ಕೂತಿದ್ದಳು.

೩. ಅಥಣಿ

ದಾರಿಯಲ್ಲಿ ಏನೂ ಆಗಲಿಲ್ಲ. ಜೀಪು ಗೆರೆ ಹೊಡೆದಂತೆ ಹೋಯಿತು. ದ್ರಾಕ್ಷಿ ತೋಟದವರ ಮನೆ ಮುಂದೆ ನಿಂತೆವು. ನಾನು ಹೆಂಗೋ ಜಿಗಿದೆ. ಹುಡುಗ ಇಳಿದ. ಅವನ ತಾಯಿ ಇಳಿಯಲಿಲ್ಲ.

ಹುಡುಗಿಯ ಅಪ್ಪ ಬಂದ. “ಅಕ್ಕಾರ, ಇಳೀರಿ.”

“ಹೆಂಗ ಇಳೀಲಿ ಅಣ್ಣಾ? ನೆಲಾನ ಕಾಣವಲ್ದು.”

ನಾನು ಹುಡುಗನನ್ನು ನೋಡಿದೆ. “ಹತ್ತಿಸಿದ್ದ ಹೆಂಗ?”

“ನಮ್ಮ ಮನಿ ಕಟ್ಟಿ ಮ್ಯಾಲಿಂದ್ರಿ.”

ಅಥಣಿಯ ಮನೆಗೆ ಕಟ್ಟೆ ಇರಲಿಲ್ಲ. ಓಣಿಯೆಲ್ಲ ನೆರೆಯಿತು. ಒಬ್ಬ ಏಣಿ ತರುತ್ತೇನೆ ಎಂದ. ರೇಷ್ಮೆ ಸೀರೆ ಉಟ್ಟು ಏಣಿ ಇಳಿಯುವುದಿಲ್ಲ ಎಂದು ತಾಯಿ ಹಟ ಹಿಡಿದಳು. ಕೊನೆಗೆ ಹುಡುಗಿಯನ್ನೇ ಹೊರಗೆ ಕರೆತಂದರು. ತಾಯಿ ಮೇಲಿಂದಲೇ ಶುರು ಮಾಡಿದಳು.

“ನಿನ್ನ ಹೆಸರೇನವಾ?”

ಹುಡುಗಿ ಕತ್ತೆತ್ತಿ ನೋಡಿದಳು. “ಮೊದಲ ಕೆಳಗ ಬರ್ರಿ ಅತ್ತಿ, ಆಮ್ಯಾಲ ಹೇಳತೀನಿ.”

ಒಳಗೆ ಹೋಗಿ ದ್ರಾಕ್ಷಿ ತುಂಬುವ ಕ್ರೇಟು ತಂದಳು. ಒಂದರ ಮೇಲೊಂದು ಇಟ್ಟು ಮೂರು ಮೆಟ್ಟಿಲು ಮಾಡಿ, ಕೈ ಹಿಡಿದು ಇಳಿಸಿದಳು. ಆಮೇಲೆ ಹುಡುಗನ ಕಡೆ ತಿರುಗಿದಳು.

“ಎತ್ತೀರಿ, ಖರೇ. ನಾ ದಿನಾ ಹತ್ತೂದ ಹೆಂಗಂತ ವಿಚಾರ ಮಾಡೀರೇನು?”

ಅವನು ನನ್ನ ಮುಖ ನೋಡಿದ. ನಾನು ದ್ರಾಕ್ಷಿ ತೋಟ ನೋಡಿದೆ.

ಬುಧವಾರ ಜೀಪು ನಾಲ್ಕಿಂಚು ಇಳಿಸಿ ಹಳೆಯ ಆರ್ಮ್ ಹಾಕಿದೆ. ಶುಕ್ರವಾರ ಲಗ್ನ ನಿಶ್ಚಯವಾಯಿತು.